ಆಕೆ ಇಬ್ಬರನ್ನೂ ಕರೆದುಕೊಂಡು ಹೋದ ದಾರಿ

ಕಾರ್ಲ್ಸ್‌ರುಹೆಯ ನಮ್ಮ ಮನೆಯಲ್ಲಿ ಭಾನುವಾರ ರೊಟ್ಟಿ ಬಡಿಯುವಂತಿರಲಿಲ್ಲ. ಮೂರನೇ ಮಹಡಿಯ ಮನೆ ಅದು. ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಭಾನುವಾರ ಸದ್ದು ಮಾಡಕೂಡದೆಂಬ ನಿಯಮವನ್ನು ಕಟ್ಟಡದ ಬಾಗಿಲಲ್ಲೇ ಅಂಟಿಸಿದ್ದರು. ನಾವು ಬಂದ ಹೊಸತರಲ್ಲಿ ಅಮ್ಮ ಜೋಳದ ಹಿಟ್ಟು ನಾದಿ ತಟ್ಟಲು ಶುರುಮಾಡಿದ ಐದು ನಿಮಿಷಕ್ಕೆ ಆಕೆ ಮೇಲೆ ಹತ್ತಿ ಬಂದು, ಇವತ್ತು ಏನು ರಿಪೇರಿ ನಡೆಸಿದ್ದೀರಿ ಎಂದು ಕೇಳಿದ್ದಳಂತೆ. ಅಮ್ಮನಿಗೆ ಉತ್ತರ ಕೊಡುವಷ್ಟು ಭಾಷೆ ಇರಲಿಲ್ಲ. ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಎತ್ತಿ ತೋರಿಸಿದಳಂತೆ, ಅಷ್ಟೆ. ಅಂದಿನಿಂದ ರೊಟ್ಟಿ ಶನಿವಾರಕ್ಕೆ ಬಂತು, ಹಲಗೆಯ ಕೆಳಗೆ ನಾಲ್ಕು ಮಡಿಕೆಯ ಟವೆಲ್ಲೂ ಬಂತು. ಅಡುಗೆಮನೆಗೂ ನಾನು ಮತ್ತು ನನ್ನ ತಮ್ಮ ವಿನು ಮಲಗುತ್ತಿದ್ದ ಕೋಣೆಗೂ ನಡುವೆ ಒಂದು ತೆಳುವಾದ ಗೋಡೆ ಇತ್ತು. ಶನಿವಾರ ಬೆಳಿಗ್ಗೆ ಆ ಮೆತ್ತನೆಯ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಸದ್ದು ಒಂದೇ ಸಮ ಬಂದರೆ ಅಮ್ಮ ಸಮಾಧಾನದಲ್ಲಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು. ನಡುನಡುವೆ ನಿಂತು ನಿಂತು ಬಂದರೆ ಪಪ್ಪನೂ ಅಡುಗೆಮನೆಯಲ್ಲಿದ್ದಾರೆ, ಮಾತು ನಡೆದಿದೆ ಎಂದರ್ಥ. ಆಗ ನಾನು ವಿನುವನ್ನು ಏಳಗೊಡುತ್ತಿರಲಿಲ್ಲ. ಹೊದಿಕೆಯೊಳಗೆ ಅವನ ಕಿವಿಯ ಹತ್ತಿರ ಏನಾದರೂ ಕತೆ ಹೇಳುತ್ತಿದ್ದೆ.

ಅಮ್ಮ ಓದಿದ್ದು ಔಷಧಶಾಸ್ತ್ರ. ಮದುವೆಗೆ ಮುಂಚೆಯೂ, ನಾನು ಹುಟ್ಟಿದ ಮೇಲೂ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಔಷಧಿ ವಿಭಾಗ ಅವಳ ಕೈಯಲ್ಲಿತ್ತು. ಯಾವ ಮಾತ್ರೆಯ ಜೊತೆ ಯಾವುದು ಕೂಡದು ಎಂದು ಡಾಕ್ಟರುಗಳೇ ಬಂದು ಕೇಳುತ್ತಿದ್ದರು ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು. ಪಪ್ಪ ಎಂಜಿನಿಯರು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿ ಜರ್ಮನಿಗೆ ಬಂದರು. ನನಗಾಗ ಮೂರು ವರ್ಷ. ವಿನು ಹುಟ್ಟಿದ್ದು ಇಲ್ಲೇ. ಅಮ್ಮನ ಪದವಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕಾದರೆ ಕಾಗದಪತ್ರಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬೇಕಿತ್ತು, ಅದರ ಮೇಲೆ ಭಾಷೆಯ ಪರೀಕ್ಷೆ ಇತ್ತು. ಅಮ್ಮ ಎರಡು ಸಲ ಬರೆದಳು, ಎರಡು ಸಲವೂ ಸ್ವಲ್ಪದರಲ್ಲಿ ಹೋಯಿತು. ಆ ಕಾಗದಗಳ ಹಸಿರು ಫೈಲೊಂದು ಅಡುಗೆಮನೆಯ ದೇವರ ಶೆಲ್ಫಿನ ಕೆಳಗೇ ಇರುತ್ತಿತ್ತು. ಅಮ್ಮ ದೀಪ ಹಚ್ಚುವಾಗ ಅದನ್ನು ನೋಡದೆ ಇರುವುದಕ್ಕಾಗಿ ತಲೆಯನ್ನು ಒಂದು ಬದಿಗೆ ತಿರುಗಿಸಿಕೊಳ್ಳುತ್ತಿದ್ದಳು. ನಾನು ಅದನ್ನು ಬಹಳ ದಿನ ಭಕ್ತಿಯ ಒಂದು ಭಂಗಿ ಎಂದೇ ತಿಳಿದುಕೊಂಡು, ನಾನೂ ಹಾಗೆಯೇ ತಲೆ ತಿರುಗಿಸಿ ಕೈಮುಗಿಯುತ್ತಿದ್ದೆ.

ಅಪ್ಪ ಅಮ್ಮ ಇಬ್ಬರೂ ಕೆಟ್ಟವರಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕೇಳುವವರು ಮತ್ತೆ ಯಾರದು ತಪ್ಪು ಎಂದೇ ಕೇಳುತ್ತಾರೆ. ಪಪ್ಪ ಕೈ ಎತ್ತಿದವರಲ್ಲ, ಕುಡಿದವರಲ್ಲ. ಅಮ್ಮನಿಗೆ ಇಲ್ಲಿ ಉಸಿರು ಕಟ್ಟುತ್ತಿದೆ ಎಂಬುದು ಅವರಿಗೆ ಕಾಣಿಸುತ್ತಿತ್ತು. ಆದರೆ ತಾನು ಬಿಟ್ಟು ಹೋದರೆ ಮತ್ತೆ ಇಂಥ ಕೆಲಸ ಸಿಗದು ಎಂಬುದೂ ಗೊತ್ತಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿದ ಮೇಲೆ ನಡೆಯುತ್ತಿದ್ದದ್ದು ಪ್ರತಿ ಸಲ ಹೆಚ್ಚುಕಡಿಮೆ ಇದೇ ಮಾತು.

"ಶೈಲಾ, ಇನ್ನೊಂದು ವರ್ಷ ತಡಿ. ಮೂರನೇ ಸಲ ಬರದ್ರ ಪಾಸ್ ಆಗಿಬಿಡ್ತಿ."

"ಎಷ್ಟ ತಡೀಲ್ರಿ? ಏಳು ವರ್ಷ ತಡದೀನಿ. ಕಲತದ್ದೆಲ್ಲಾ ಜಂಗ್ ಹಿಡದು ಹೋತು ನಂದು."

"ಹಂಗಂದ್ರ ನಾ ಏನ್ ಮಾಡ್ಲಿ ಹೇಳು."

"ನೀವೇನೂ ಮಾಡಬ್ಯಾಡ್ರಿ. ಅದ ನನಗ ತ್ರಾಸು. ಯಾರೂ ಏನೂ ಮಾಡಾಕ ಬರೂದಿಲ್ಲ."

ಹೊರಗೆ ಬಂದ ಮೇಲೆ ನಮ್ಮೆದುರಿಗೆ ಅವರು ಆ ಮಾತು ಎತ್ತುತ್ತಿರಲಿಲ್ಲ. ವಿನುಗೆ ಶಾಲೆ, ಗೆಳೆಯರು, ಟಿವಿ ಎಲ್ಲ ಜರ್ಮನ್ನಿನಲ್ಲಿ. ಕನ್ನಡ ಅವನಿಗೆ ಆ ಮುಚ್ಚಿದ ಬಾಗಿಲಿನ ಹಿಂದಿನಿಂದ ಕೇಳುವ ಭಾಷೆಯಾಗಿಬಿಟ್ಟಿತ್ತು. ಎಲ್ಲ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ಅಮ್ಮ ಕನ್ನಡದಲ್ಲಿ ಕೇಳಿದರೆ ಅವನು ಜರ್ಮನ್ನಿನಲ್ಲಿ ಉತ್ತರ ಕೊಡುವನು. ಅವನು ವೇಗವಾಗಿ ಮಾತಾಡಿದರೆ ಅಮ್ಮ ನನ್ನ ಮುಖ ನೋಡುವಳು, ನಾನು ಹೇಳುವೆ. ಊಟದ ಟೇಬಲ್ಲಿನಲ್ಲಿ ಅವರಿಬ್ಬರ ನಡುವಿನ ಕುರ್ಚಿ ನನ್ನದೇ. ನನ್ನನ್ನು ಮಾತ್ರ ಅವನು ಅಕ್ಕಾ ಎಂದು ಕರೆಯುತ್ತಿದ್ದ. ದಿನವಿಡೀ ಅವನ ಬಾಯಿಂದ ಬರುತ್ತಿದ್ದ ಕನ್ನಡ ಅದೊಂದೇ ಇರಬೇಕು.

ನನಗೆ ಹತ್ತು, ವಿನುಗೆ ಏಳು ತುಂಬಿ ಬೇಸಿಗೆ ರಜೆ ಬಂದಿತ್ತು. ಒಂದು ಮಧ್ಯಾಹ್ನ ಅಮ್ಮ ಬಾಲ್ಕನಿಯಿಂದ ಬಟ್ಟೆ ತಂದು ಹಾಸಿಗೆಯ ಮೇಲೆ ಹಾಕಿ ಮಡಿಚುತ್ತಿದ್ದಳು. ನಾನು ಕಾಲುಚೀಲಗಳ ಜೋಡಿ ಹುಡುಕಿ ಕೊಡುತ್ತಿದ್ದೆ. ಅಮ್ಮ ತಲೆ ಎತ್ತದೆ ಕೇಳಿದಳು.

"ಅಕ್ಕು, ನಾ ಧಾರವಾಡಕ್ಕ ಹೋದ್ರ ನೀ ನನ್ನ ಜೋಡಿ ಬರ್ತಿಯೇನು?"

"ರಜಾಕ್ಕ?"

"ರಜಾಕ್ಕಲ್ಲ. ಕಾಲೇಜಿನ್ಯಾಗ ಕಲಿಸೂ ಕೆಲಸ ಐತಂತ. ಒಂದು ವರ್ಷ ಮಾಡಿ ನೋಡ್ತೀನಿ ಅಂತ ಪಪ್ಪಗ ಹೇಳೀನಿ."

ಧಾರವಾಡ ಅಮ್ಮನ ತವರು. ನಾನು ಹೂಂ ಅಂದೆ. ಯೋಚನೆ ಕೂಡ ಮಾಡಲಿಲ್ಲ. ಅಮ್ಮನಿಲ್ಲದ ಆ ಮನೆಯನ್ನು ಊಹಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ವಿನು ಬರುತ್ತಾನಾ ಎಂದು ಕೇಳಿದ್ದಕ್ಕೆ, ಅವನನ್ನು ಆಮೇಲೆ ಕೇಳೋಣ, ನೀನು ಏನೂ ಹೇಳಬೇಡ ಅಂದಳು. ಪಪ್ಪ ಶನಿವಾರ ಎಲ್ಲರನ್ನೂ ಒಂದು ಕಡೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿಯೇ ನಿಧಾನಕ್ಕೆ ಹೇಳುತ್ತಾರೆ ಅಂದಳು.

ಪಪ್ಪನಿಗೆ ಬಹಳ ದಿನಗಳಿಂದ ಒಂದು ಹಳೆಯ ದಾರಿಯ ಹುಚ್ಚು. ನೂರು ವರ್ಷಕ್ಕೂ ಹಿಂದೆ, ಜಗತ್ತಿನಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ದೂರ ಪ್ರಯಾಣ ಮಾಡಿದ್ದು ಒಬ್ಬ ಹೆಂಗಸು. ಕಾರು ಕಟ್ಟಿದವನ ಹೆಂಡತಿ. ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ಆಕೆ ಹೋದ ದಾರಿಯುದ್ದಕ್ಕೂ ಈಗ ಕಂದು ಬಣ್ಣದ ಫಲಕ ನೆಟ್ಟಿದ್ದಾರೆ. ಎಲ್ಲೆಲ್ಲಿ ನಿಂತಳು, ಎಲ್ಲಿ ರಿಪೇರಿ ಆಯಿತು ಎಂಬುದೆಲ್ಲ ಊರೂರಿನಲ್ಲಿ ಬರೆದಿದೆ. ನಮ್ಮ ಮನೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಯಾರೇ ಬರಲಿ, ಪಪ್ಪ ಈ ಕತೆಯನ್ನು ಹೇಳದೆ ಬಿಡುತ್ತಿರಲಿಲ್ಲ. ಆದರೆ ನಾವೇ ಆ ದಾರಿಯಲ್ಲಿ ಹೋಗಿರಲಿಲ್ಲ. ಪಪ್ಪನಿಗೆ ಶನಿವಾರ ಕೆಲಸ, ಇಲ್ಲವೆ ಅಮ್ಮನಿಗೆ ಪರೀಕ್ಷೆಯ ಓದು. ಈಗ ನಾಲ್ವರೂ ಒಟ್ಟಿಗೆ ಹೋಗುವುದಕ್ಕೆ ಕಾರಣ ಸಿಕ್ಕಿತ್ತು. ಆ ಶನಿವಾರ ಮನೆಯಲ್ಲಿ ರೊಟ್ಟಿ ಆಗಲಿಲ್ಲ. ಅಮ್ಮ ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಕಟ್ಟಿದಳು. ವಿನುಗೆ ಬೆಣ್ಣೆ ಹಚ್ಚಿದ ಬ್ರೆಡ್ಡು. ಕಾರಿನ ಹಿಂದಿನ ಸೀಟಿನಲ್ಲಿ ನಾನು ಗುಟ್ಟನ್ನು ಬಾಯೊಳಗೆ ಇಟ್ಟುಕೊಂಡು ಕೂತೆ. ವಿನು ಕಿಟಕಿಯ ಕಡೆ ಕಾಲು ಚಾಚಿ ಹಾಡು ಹೇಳುತ್ತಿದ್ದ.

ಮನ್‌ಹೈಮಿನಲ್ಲಿ ನೋಡಲು ಹೆಚ್ಚೇನೂ ಇರಲಿಲ್ಲ. ಆ ಕಾರು ಕಟ್ಟಿದ ಕಾರ್ಖಾನೆ ಇದ್ದ ಜಾಗದಲ್ಲಿ ಒಂದು ಗುರುತಿನ ಕಲ್ಲು. ಪಪ್ಪ ಅದರೆದುರು ಚಪ್ಪಲಿ ಕಳಚದೆಯೇ, ಆದರೆ ಕಳಚಿದವರ ಹಾಗೆ ಕೈಕಟ್ಟಿ ನಿಂತರು. ಅಲ್ಲಿಂದ ದಕ್ಷಿಣಕ್ಕೆ ಸಣ್ಣ ರಸ್ತೆಗಳಲ್ಲಿ ಬಂದು ವೀಸ್ಲೋಖ್ ತಲುಪಿದಾಗ ಹನ್ನೊಂದು ಗಂಟೆ. ಆ ಊರಿನಲ್ಲಿ ಆಕೆಯ ಕಾರಿಗೆ ಎಣ್ಣೆ ಮುಗಿದಿತ್ತಂತೆ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ಆಕೆ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿ, ಬಟ್ಟೆಯ ಕಲೆ ತೆಗೆಯುವ ದ್ರಾವಣದ ಬಾಟಲಿಗಳನ್ನೆಲ್ಲ ಕೊಂಡು ಕಾರಿಗೆ ಸುರಿದಳು. ಅಂಗಡಿಯ ಮುಂದೆ ಅದರ ನೆನಪಿಗೆ ಒಂದು ಶಿಲ್ಪ ಇಟ್ಟಿದ್ದಾರೆ. ಪಪ್ಪ ನಮಗೆ ಅದನ್ನು ವಿವರಿಸುತ್ತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ ಮಾತಾಡಿದಳು.

"ಅದರ ಹೆಸರು ಲಿಗ್ರೋಯಿನ್. ನಮ್ಮ ಕಾಲೇಜಿನ ಲ್ಯಾಬಿನ್ಯಾಗೂ ಇಟ್ಟಿದ್ರು. ಬೆಂಕಿ ಹತ್ರ ತರಬ್ಯಾಡ್ರಿ ಅಂತ ಬಾಟ್ಲಿ ಮ್ಯಾಲೆ ನಾನ ಚೀಟಿ ಬರದು ಹಚ್ಚಿದ್ದೆ."

"ನನಗ ಗೊತ್ತ ಇದ್ದಿದ್ದಿಲ್ಲ ನೋಡು," ಎಂದರು ಪಪ್ಪ.

"ನೀವು ಯಾವಾಗ ಕೇಳೀರಿ?"

ಸಿಟ್ಟಿನಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದಳು. ಹೇಳಿ, ನಮ್ಮನ್ನು ಅಲ್ಲಿಯೇ ಬಿಟ್ಟು ಅಂಗಡಿಯೊಳಗೆ ಹೋದಳು. ನಾನು ಹಿಂದೆಯೇ ಹೋದೆ. ಅಮ್ಮ ಗಾಜಿನ ಕಪಾಟಿನಲ್ಲಿದ್ದ ಹಳೆಯ ಪಿಂಗಾಣಿ ಭರಣಿಗಳ ಮೇಲಿನ ಲ್ಯಾಟಿನ್ ಹೆಸರುಗಳನ್ನು ಒಂದೊಂದಾಗಿ ಓದುತ್ತ ನಿಂತಿದ್ದಳು. ಗಂಟಲೊಳಗೇ ಓದುತ್ತಿದ್ದರೂ ತುಟಿ ಅಲ್ಲಾಡುತ್ತಿತ್ತು. ಅಂಗಡಿಯ ಬಿಳಿಕೂದಲಿನ ಹೆಂಗಸೊಬ್ಬಳು ಏನು ಬೇಕೆಂದು ಕೇಳಿದಳು. ಅಮ್ಮ ತನಗೆ ಗೊತ್ತಿದ್ದ ಜರ್ಮನ್ನಿನಲ್ಲಿ, ಏನೂ ಬೇಡ, ನಾನು ನನ್ನ ದೇಶದಲ್ಲಿ ಇದೇ ಕೆಲಸ ಮಾಡುತ್ತಿದ್ದೆ ಅಂದಳು. ಆಕೆಯ ಮುಖ ಅರಳಿತು. ಕೌಂಟರಿನ ಆಚೆಯಿಂದ ಬಂದು ಅಮ್ಮನ ಕೈ ಕುಲುಕಿ, ಹಾಗಾದರೆ ನೀವು ನನ್ನ ಸಹೋದ್ಯೋಗಿ ಎಂದಳು. ಇಬ್ಬರೂ ಆ ಭರಣಿಗಳ ಮುಂದೆ ಹತ್ತು ನಿಮಿಷ ನಿಂತು ಮಾತಾಡಿದರು. ಅಮ್ಮ ಒಮ್ಮೆಯೂ ನನ್ನ ಮುಖ ನೋಡಲಿಲ್ಲ, ಒಂದು ಪದಕ್ಕೂ ನನ್ನನ್ನು ಕೇಳಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಸೆರಗನ್ನು ಬಾಯಿಗೆ ಒತ್ತಿ ಅತ್ತಳು. ಪಪ್ಪ ಗಾಡಿ ಶುರುಮಾಡದೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದರು. ಏಳು ವರ್ಷದಲ್ಲಿ ಅಮ್ಮನನ್ನು ಆ ದೇಶದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ ಎಂಬುದು ಅವರಿಗೂ ಆಗಲೇ ಹೊಳೆದಿರಬೇಕು.

ಮುಂದೆ ಹೊಲಗಳ ನಡುವಿನ ಒಂದು ದಾರಿ. ಏರು ಬಂದಲ್ಲೆಲ್ಲ ಆಕೆಯ ಜೊತೆ ಬಂದಿದ್ದ ಮಕ್ಕಳು ಇಳಿದು ಕಾರನ್ನು ನೂಕುತ್ತಿದ್ದರು ಎಂದು ಪಪ್ಪ ಹೇಳಿದ್ದೇ ತಡ, ತಾನೂ ನೂಕಬೇಕೆಂದು ವಿನು ಹಟ ಹಿಡಿದ. ಪಪ್ಪ ಒಂದು ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ ಇಳಿದು, ಅಮ್ಮನನ್ನು ಸ್ಟೇರಿಂಗಿಗೆ ಕೂಡಿಸಿದರು. ಅಮ್ಮನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸುಮ್ಮನೆ ನೆಟ್ಟಗೆ ಹಿಡಿ, ಸಾಕು ಎಂದರು. ನಾವು ಮೂವರೂ ಹಿಂದೆ ನಿಂತು ನೂಕಿದೆವು. ಕಾರು ಮೊದಲು ಅಲುಗಲಿಲ್ಲ, ಆಮೇಲೆ ಮೆಲ್ಲಗೆ ಹೊರಟಿತು. ವಿನುವಿನ ಕಾಲು ಜಲ್ಲಿಯಲ್ಲಿ ಜಾರುತ್ತಿತ್ತು. ಅಮ್ಮ ಗಾಬರಿಯಿಂದ "ರೀ, ಹಿಡೀರಿ, ಹಿಡೀರಿ" ಎಂದು ಒಳಗಿಂದ ಕೂಗುತ್ತ, ಕೂಗುತ್ತಲೇ ನಗುತ್ತ, ಜೋಳದ ಹೊಲದ ಅಂಚಿಗೆ ಹೋಗಿ ನಿಲ್ಲಿಸಿದಳು. ಅದು ದನಕ್ಕೆ ಬೆಳೆಯುವ ಮೆಕ್ಕೆಜೋಳ, ನಮ್ಮ ಜೋಳವಲ್ಲ. ಆದರೂ ಅಮ್ಮ ಇಳಿದು ಒಂದು ಎಲೆಯನ್ನು ಕೈಯಲ್ಲಿ ಸವರಿ ನೋಡಿದಳು. ಪಪ್ಪ ಅಮ್ಮನ ಕೂದಲಿಗೆ ಹತ್ತಿದ್ದ ಏನನ್ನೋ ತೆಗೆದರು. ಇವರಿಬ್ಬರೂ ಈಗ ಮನಸ್ಸು ಬದಲಾಯಿಸುತ್ತಾರೆ ಎಂದು ನನಗೆ ಅನ್ನಿಸಿತು. ಆ ನಂಬಿಕೆಯಲ್ಲೇ ಬ್ರುಖ್ಸಾಲಿನವರೆಗೂ ಹೋದೆ.

ಬ್ರುಖ್ಸಾಲಿನಲ್ಲಿ ಒಂದು ಮರದ ಕೆಳಗೆ ಬೆಂಚಿನ ಮೇಲೆ ಊಟ ಬಿಚ್ಚಿದೆವು. ಆ ಊರಿನ ಕಮ್ಮಾರನೊಬ್ಬ ಆಕೆಯ ಕಾರಿನ ಸರಪಳಿ ಸರಿಮಾಡಿ ಕೊಟ್ಟಿದ್ದನಂತೆ. ವಿನು ಬ್ರೆಡ್ಡು ಕಡಿಯುತ್ತ, ಆಕೆ ಯಾಕೆ ಗಂಡನಿಗೆ ಹೇಳದೆ ಹೋದಳು, ಆತ ಬೈಯಲಿಲ್ಲವಾ ಎಂದು ಜರ್ಮನ್ನಿನಲ್ಲಿ ಕೇಳಿದ.

"ಹೇಳಿದ್ರ ಬ್ಯಾಡ ಅಂತಿದ್ದ," ಎಂದರು ಪಪ್ಪ. "ಆತಗ ತನ್ನ ಗಾಡಿ ಮ್ಯಾಲೆ ತನಗ ಧೈರ್ಯ ಇದ್ದಿದ್ದಿಲ್ಲ. ಆಕಿಗಿತ್ತು. ಬೆಳಿಗ್ಗೆ ಆತ ಏಳೂ ಮೊದ್ಲ ಹೊಂಟುಬಿಟ್ಲು. ಸಂಜೀಕ ಮುಟ್ಟಿದ ಮ್ಯಾಲೆ ತಂತಿ ಕಳಿಸಿದ್ಲು."

"ಎಲ್ಲಿಗೆ ಹೋದ್ಲು?" ಎಂದು ನಾನು ಕೇಳಿದೆ. ಕತೆ ಎಷ್ಟು ಸಲ ಕೇಳಿದ್ದರೂ ಇದನ್ನು ನಾನು ಗಮನಿಸಿರಲಿಲ್ಲ.

ಪಪ್ಪ ಉತ್ತರ ಕೊಡುವ ಮೊದಲೇ ಅಮ್ಮ ಹೇಳಿದಳು.

"ತವರುಮನಿಗೆ. ಫೋರ್ಟ್ಸ್‌ಹೈಮಿನ್ಯಾಗ ಆಕಿ ತಾಯಿ ಇದ್ಲು."

ಅಮ್ಮ ಚಪಾತಿಯ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಮಕ್ಕಳನ್ನ ಇಬ್ಬರನ್ನೂ ಕರಕೊಂಡು ಹೋಗಿದ್ಲಲ್ರಿ?"

"ಹೌದು. ಇಬ್ಬರನ್ನೂ." ಪಪ್ಪ ದೂರದ ರಸ್ತೆ ನೋಡುತ್ತ ಹೇಳಿದರು. "ಆದ್ರ ವಾಪಸ್ ಬಂದ್ಲು, ಶೈಲಾ. ಮೂರು ದಿನದ ಮ್ಯಾಲೆ ಅದ ಗಾಡಿ ಹೊಡಕೊಂಡು ವಾಪಸ್ ಬಂದ್ಲು."

ಫೋರ್ಟ್ಸ್‌ಹೈಮ್ ಯುದ್ಧದಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ ಊರು. ಆಕೆಯ ತಾಯಿಯ ಮನೆಯ ಕಾಲದ್ದೆಂದು ತೋರಿಸಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನಾವು ಹೊಳೆಯ ದಂಡೆಯ ಒಂದು ಉದ್ಯಾನಕ್ಕೆ ಹೋಗಿ ಕೂತೆವು. ಸಂಜೆ ಐದರ ಬಿಸಿಲು. ಪಪ್ಪ ಮಾತನ್ನು ಹೇಗೋ ಶುರುಮಾಡಿದರು. ಅಮ್ಮನಿಗೆ ಊರಲ್ಲಿ ಕೆಲಸ ಸಿಕ್ಕಿದೆ, ಒಂದು ವರ್ಷ ಹೋಗುತ್ತಾಳೆ, ನಾನು ಇಲ್ಲಿಯೇ ಇರಬೇಕಾಗುತ್ತದೆ, ನೀವಿಬ್ಬರೂ ಎಲ್ಲಿರಬೇಕೆಂದು ನಿಮ್ಮನ್ನು ಕೇಳದೆ ನಾವು ತೀರ್ಮಾನ ಮಾಡುವುದಿಲ್ಲ. ಇಷ್ಟನ್ನು ಮೊದಲು ಕನ್ನಡದಲ್ಲಿ, ಆಮೇಲೆ ವಿನುವಿನ ಕಡೆ ತಿರುಗಿ ಜರ್ಮನ್ನಿನಲ್ಲಿ ಹೇಳಿದರು. ವಿನು ಎದ್ದು ಹೊಳೆಯ ಅಂಚಿನ ಗೋಡೆಯ ಕಡೆ ನಡೆದ. ಪಪ್ಪ ಎಲ್ಲರಿಗೂ ಐಸ್‌ಕ್ರೀಮ್ ತರುತ್ತೇನೆಂದು ಎದ್ದುಹೋದರು. ಅವರು ಕಣ್ಣು ಒರೆಸಿಕೊಳ್ಳಲು ಹೋದರೆಂದು ನನಗೂ ಗೊತ್ತಾಯಿತು. ಬೆಂಚಿನಲ್ಲಿ ನಾನು, ಅಮ್ಮ ಉಳಿದೆವು.

"ನೀನ ಹೋಗಿ ಕೇಳಿ ಬಾ ಅಕ್ಕು. ನಾ ಹೋದ್ರ ಅವ ನನ್ನ ಮಾರಿ ನೋಡಿ ಹೂಂ ಅಂದುಬಿಡ್ತಾನ. ನನ್ನ ಸಲುವಾಗಿ ಅನ್ನೂದು ಬ್ಯಾಡ. ಅವನ ಮನಸಿನ್ಯಾಗ ಏನೈತಿ ಅದು ಹೇಳ್ಲಿ."

ವಿನು ಗೋಡೆಯ ಮೇಲೆ ಕೂತು ಜಲ್ಲಿಕಲ್ಲುಗಳನ್ನು ಒಂದೊಂದೇ ನೀರಿಗೆ ಬಿಡುತ್ತಿದ್ದ. ನಾನು ಕೇಳಿದೆ. ಅವನು ತಿರುಗಿ, ನೀನೇನು ಮಾಡ್ತೀಯಾ ಅಕ್ಕಾ ಎಂದ. ನಾನು ಅಮ್ಮನ ಜೊತೆ ಹೋಗುತ್ತೇನೆ ಅಂದೆ. ಇದು ನನಗೆ ಮೊದಲೇ ಗೊತ್ತಿತ್ತು ಎಂಬುದು ನನ್ನ ದನಿಯಲ್ಲಿ ಅವನಿಗೆ ತಿಳಿಯಿತೋ ಏನೋ, ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನು ಹೇಳಿದ ಮಾತು ಜರ್ಮನ್ನಿನಲ್ಲಿ, ಅವನ ಏಳು ವರ್ಷದ ದನಿಯಲ್ಲಿ ನನಗೆ ಇವತ್ತಿಗೂ ಕೇಳುತ್ತದೆ. ಕನ್ನಡದಲ್ಲಿ ಅದು ಹೀಗಾಗುತ್ತದೆ: ನನಗೂ ಬರೋ ಆಸೆ ಇದೆ. ಆದರೆ ನಾವಿಬ್ಬರೂ ಹೋದರೆ ಪಪ್ಪ ಪೂರ್ತಿ ಒಬ್ಬರೇ ಆಗ್ತಾರೆ. ಅದಕ್ಕೆ ನಾನು ಇರ್ತೀನಿ. ನನಗೂ ಬರೋ ಆಸೆ ಇದೆ ಅಂತ ಅಮ್ಮನಿಗೆ ಹೇಳು.

ಗೋಡೆಯಿಂದ ಬೆಂಚಿಗೆ ಮೂವತ್ತು ಹೆಜ್ಜೆ ಇದ್ದೀತು. ಆ ಮೂವತ್ತು ಹೆಜ್ಜೆಯಲ್ಲಿ ನಾನು ಏನು ಯೋಚಿಸಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಿನು ಹೇಳಿದ್ದು ನಿಜ, ಪಪ್ಪನನ್ನು ಒಬ್ಬರೇ ಬಿಡುವ ಹಾಗಿಲ್ಲ. ಅವನಿಗೂ ಬರುವ ಆಸೆಯಿದೆ ಎಂದು ಗೊತ್ತಾದರೆ ಅಮ್ಮ ಅವನನ್ನೇ ಕರೆದುಕೊಂಡು ಹೋಗುತ್ತಾಳೆ, ಅವನು ಚಿಕ್ಕವನು. ಆಗ ಪಪ್ಪನ ಹತ್ತಿರ ಉಳಿಯಬೇಕಾದವಳು ನಾನು. ಇಷ್ಟೇ ನನ್ನ ಲೆಕ್ಕ. ನನಗೆ ಅಮ್ಮ ಬೇಕಾಗಿದ್ದಳು.

"ಅವ ಪಪ್ಪನ ಕಡೆ ಇರ್ತಾನಂತ," ಅಂದೆ.

"ಹಂಗಂದ್ನಾ?"

"ಹೂಂ."

"ಮತ್ತೇನೂ ಅನ್ಲಿಲ್ಲಾ?"

"ಇಲ್ಲ."

ಅಮ್ಮ ಗೋಡೆಯ ಮೇಲಿದ್ದ ಅವನ ಬೆನ್ನನ್ನು ನೋಡುತ್ತ ಕೂತಳು. ಎದ್ದು ಅವನ ಹತ್ತಿರ ಹೋಗುತ್ತಾಳೆ ಎಂದು ನಾನು ಹೆದರಿಕೊಂಡೆ. ಹೋಗಲಿಲ್ಲ. ವಿನು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದ. ಪಪ್ಪ ನಾಲ್ಕು ಐಸ್‌ಕ್ರೀಮನ್ನು ಕೈ ಮೇಲೆ ಸುರಿಸಿಕೊಂಡು ಬಂದು, ನೀನೂ ಒಮ್ಮೆ ಅವನನ್ನು ಕೇಳು ಶೈಲಾ ಎಂದದ್ದಕ್ಕೆ, "ಕೇಳಿದ್ದಾತು" ಎಂದಳು. ಕಾರಿನಲ್ಲಿ ವಾಪಸಾಗುವಾಗ ಹೆದ್ದಾರಿ ಹಿಡಿದೆವು. ಅರ್ಧ ಗಂಟೆಗೆ ಮನೆ ಬಂತು.

ಆ ಒಂದು ವರ್ಷ ಮುಗಿಯಲೇ ಇಲ್ಲ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಹತ್ತುವಾಗ ವಿನು ಅಮ್ಮನ ಸೊಂಟ ತಬ್ಬಿ ಹಿಡಿದದ್ದೂ, ಅಮ್ಮ ಅವನ ಕೈಗಳನ್ನು ಮೆಲ್ಲಗೆ ಬಿಡಿಸಿ ಪಪ್ಪನ ಕೈಗೆ ಕೊಟ್ಟದ್ದೂ ನನ್ನ ಕಣ್ಣೆದುರಿಗೇ ನಡೆಯಿತು. ಅಮ್ಮ ಧಾರವಾಡದಲ್ಲಿ ಒಳ್ಳೆಯ ಅಧ್ಯಾಪಕಿಯಾದಳು, ವಿಭಾಗದ ಮುಖ್ಯಸ್ಥೆಯೂ ಆದಳು. ಪಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಎರಡು ವರ್ಷಕ್ಕೊಮ್ಮೆ. ಅವರಿಬ್ಬರೂ ಬೇರೆಯಾದರೆಂದು ಯಾರೂ ಎಲ್ಲಿಯೂ ಬರೆದು ಸಹಿ ಹಾಕಲಿಲ್ಲ. ವಿನು ಫೋನ್ ಮಾಡಿದರೆ ಅಮ್ಮ ಊಟ ಆಯಿತಾ, ಶಾಲೆ ಹೇಗಿದೆ ಎಂದು ಕೇಳಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಹದಿನಾಲ್ಕರಲ್ಲಿ ಅವನೊಬ್ಬನೇ ಬಂದಾಗ ಹೊಸ ಚಾದರ ಹಾಸಿ, ಪೇಟೆಯಿಂದ ನೀರಿನ ಬಾಟಲಿ ತರಿಸಿ, ಅವನಿಗೆಂದೇ ಮಕರೋನಿ ಬೇಯಿಸಿ, ಬೀಗರ ಕಡೆಯ ಹುಡುಗನನ್ನು ನೋಡಿಕೊಂಡಂತೆ ನೋಡಿಕೊಂಡಳು. ಅವನು ಹಿತ್ತಲಲ್ಲಿ ನನ್ನನ್ನು ಕೇಳಿದ, ಅಮ್ಮನಿಗೆ ನಾನಂದ್ರೆ ಇಷ್ಟ ಇಲ್ವಾ ಎಂದು. ಹಾಗೇನಿಲ್ಲ ಅಂದೆ. ಆ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಆ ಹೊತ್ತಿಗೆ ಅಮ್ಮನಿಗೆ ನಾನೇ ಎಲ್ಲ ಆಗಿದ್ದೆ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗೆ ಹತ್ತರಲ್ಲಿ ಇರಲಿಲ್ಲ, ಹದಿನೇಳರಲ್ಲೂ ಬರಲಿಲ್ಲ.

ಈಗ ನಾನು ಹುಬ್ಬಳ್ಳಿಯಲ್ಲಿ, ಜರ್ಮನಿಗೆ ಹೊರಟ ನರ್ಸುಗಳಿಗೆ ಭಾಷೆ ಕಲಿಸುತ್ತೇನೆ. ಹೇಳಿದ್ದನ್ನು ಹೇಳಿದಷ್ಟೇ ಅನುವಾದಿಸಿ, ಒಂದು ಪದವನ್ನೂ ಬಿಡಬೇಡಿ ಎಂದು ತರಗತಿಯಲ್ಲಿ ಹೇಳುವಾಗ ನನ್ನ ಕಿವಿಗೇ ನನ್ನ ಮಾತು ಚುಚ್ಚುತ್ತದೆ. ಹೋದ ವರ್ಷ ವಿನುಗೆ ಮಗಳು ಹುಟ್ಟಿದಳು. ಅಮ್ಮ ಬಂದು ಒಂದಷ್ಟು ದಿನ ಇರಲಿ ಎಂದು ಅವನೂ, ಅವನ ಹೆಂಡತಿಯೂ ಕೇಳಿಕೊಂಡರು. ಅಮ್ಮ ನಿವೃತ್ತಳಾಗಿ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಅಡುಗೆಮನೆಯಲ್ಲಿ ಅವರೆ ಸುಲಿಯುತ್ತ, ನಾನು ಹೋಗುವುದಿಲ್ಲ ಅಂದಳು.

"ಅವಂಗ ನಾ ಯಾಕ ಬೇಕು? ಯಾರು ಬೇಕು ಅನ್ನೂದು ಅವ ಸಣ್ಣಾಂವ ಇದ್ದಾಗ ಆರಿಸ್ಕೊಂಡಾನ."

ನಾನು ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಗೋಡೆ, ಕಲ್ಲು, ಅವನು ಹೇಳಿದ ನಾಲ್ಕು ವಾಕ್ಯ, ನಾನು ತಂದು ಮುಟ್ಟಿಸಿದ ಒಂದು, ನಾನು ಹಾಗೆ ಯಾಕೆ ಮಾಡಿದೆ ಎಂಬುದು. ಅಮ್ಮನ ಕೈ ಸುಲಿಯುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ಖಾಲಿಯಾಗುವವರೆಗೂ ಸುಲಿದಳು. ಆಮೇಲೆ ಕೇಳಿದಳು.

"ಅವತ್ತ ನೀ ಹತ್ತು ವರ್ಷದಾಕಿ. ಇರ್ಲಿ. ಇಪ್ಪತ್ತಕ್ಕ ಯಾಕ ಹೇಳ್ಲಿಲ್ಲ? ಮೂವತ್ತಕ್ಕ?"

ಮಧ್ಯಾಹ್ನ, ಅಲ್ಲಿ ಬೆಳಗಾಗುವ ಹೊತ್ತಿಗೆ, ವಿನುಗೆ ಫೋನ್ ಹಚ್ಚು ಅಂದಳು. ಸ್ಪೀಕರಿಗೆ ಹಾಕಿ ಇಬ್ಬರ ನಡುವೆ ಇಟ್ಟೆ. ಅಮ್ಮ ಕನ್ನಡದಲ್ಲಿ, ನೀನು ಅವತ್ತು ಪಪ್ಪನ ಸಲುವಾಗಿ ಉಳಿದಿ ಅಂತ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲೋ ಮಗನೆ ಅಂದಳು. ಅವನಿಗೆ ಈಗ ಕನ್ನಡ ಅರ್ಥವಾಗುವುದೂ ಕಷ್ಟ. ಯಾವತ್ತು ಎಂದು ಜರ್ಮನ್ನಿನಲ್ಲಿ ಕೇಳಿದ. ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮಾತನ್ನು ಅವನಿಗೆ, ಅವನ ಮಾತನ್ನು ಅಮ್ಮನಿಗೆ ಹೇಳುತ್ತ ಹೋದೆ. ನಾನು ಮಾಡಿದ್ದನ್ನೂ ನಾನೇ ಅವನಿಗೆ ಅವನ ಭಾಷೆಯಲ್ಲಿ ಹೇಳಿದೆ. ಆ ಕಡೆ ಮಗು ಕುಂಯ್‌ಗುಟ್ಟುವ ಸದ್ದು ಮಾತ್ರ ಇತ್ತು. ಆಮೇಲೆ ಅವನು ಮಾತಾಡಿದ.

"ಏನಂದ?" ಎಂದಳು ಅಮ್ಮ.

ಆ ಮಾತನ್ನು ಬಿಟ್ಟುಬಿಡಬೇಕೆಂದು ನನಗೆ ಎಷ್ಟು ಅನ್ನಿಸಿತು ಎಂದು ಹೇಳಲಾರೆ. ಬಿಡಲಿಲ್ಲ.

"ತಾ ಏನಂದಿದ್ದೆ ಅನ್ನೂದು ಅವಂಗ ನೆನಪಿಲ್ಲಂತ. ನೀ ಬೆಂಚಿನ ಮ್ಯಾಲೆ ಕುಂತಿದ್ದಿ, ತನ್ನ ಕಡೆ ಬರಲಿಲ್ಲ ಅನ್ನೂದು ಅಷ್ಟ ನೆನಪೈತಂತ."

ಅಮ್ಮ ಫೋನನ್ನು ಕೈಗೆತ್ತಿಕೊಂಡು ಎದೆಗೆ ಒತ್ತಿ ಹಿಡಿದು, ಆಮೇಲೆ ಕಿವಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ನಾನೂ ಎದ್ದೆ. ಬೇಡ ಎಂಬಂತೆ ಕೈ ಮಾಡಿ ಬಾಗಿಲು ಎಳೆದುಕೊಂಡಳು. ಅವರಿಬ್ಬರೂ ಅರ್ಧ ಗಂಟೆ ಯಾವ ಭಾಷೆಯಲ್ಲಿ ಏನು ಮಾತಾಡಿದರು ಎಂಬುದು ನನಗೆ ಗೊತ್ತಿಲ್ಲ. ಎರಡು ತಿಂಗಳ ಮೇಲೆ ವೀಸಾ ಬಂತು. ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ನಾನೇ ಜೊತೆಗೆ ಹೋದೆ. ಒಳಗೆ ಹೋಗುವ ಮುಂಚೆ ಅಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟಳು.

"ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂತ ಹೇಳಾಕ ನನಗ ಇನ್ನೂ ಆಗವಲ್ದು ಅಕ್ಕು. ಸಿಟ್ಟು ಹೋದ ದಿನ ನಾನ ಫೋನ್ ಮಾಡಿ ಹೇಳ್ತೀನಿ. ಅಲ್ಲೀತನ ನೀ ಕೇಳಬ್ಯಾಡ."

ಅಮ್ಮ ಅಲ್ಲಿಗೆ ಹೋಗಿ ಐದು ವಾರವಾಯಿತು. ದಿನಾ ಸಂಜೆ ಫೋನ್ ಮಾಡುತ್ತಾಳೆ. ಮಗು ಹೇಗಿದೆ, ವಿನು ಏನು ತಿಂದ, ಪಪ್ಪ ಭಾನುವಾರ ಬಂದಿದ್ದರು ಎಂದೆಲ್ಲ ಹೇಳುತ್ತಾಳೆ. ನಾನು ಕೇಳುತ್ತೇನೆ. ಆ ಮಾತು ಇನ್ನೂ ಬಂದಿಲ್ಲ.